ದೊಡ್ಡದು ಮಾಡು

ನಮ್ಮ ಮನೆಯಲ್ಲಿ ದೀಪವನ್ನು ಯಾರೂ ಆರಿಸುತ್ತಿರಲಿಲ್ಲ. 'ಆರಿಸು' ಅನ್ನುವುದು ಸಾವಿನ ಮಾತು ಎಂದು ಅವ್ವ ಅದನ್ನು ನಮ್ಮ ಬಾಯಿಗೆ ಬರಗೊಡುತ್ತಿರಲಿಲ್ಲ. ನಂದಿಸಬೇಕಾದಾಗ "ದೀಪ ದೊಡ್ದು ಮಾಡ್ಲಾ" ಅನ್ನುತ್ತಿದ್ದಳು. ಅಣ್ಣ ಬಲ್ಬಿಗೂ ಟಿವಿಗೂ ಗ್ಯಾಸ್ ಒಲೆಗೂ ಅದನ್ನೇ ಹೇಳುತ್ತಿದ್ದ.

ಅಣ್ಣ ಹಾಸನದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ನನ್ನನ್ನೂ ಅಲ್ಲಿ ಸೇರಿಸಿದ್ದ. ಬಿತ್ತನೆ ರಾಗಿಯನ್ನು ತಟ್ಟೆಯಲ್ಲಿ ಹರಡಿ ಕೊಡುವುದು ನನ್ನ ಕೆಲಸ. ಗಾಳಿ ಹೊರಗೆಳೆದ ಗಾಜಿನ ಕೊಳವೆಗೆ ಸ್ವಲ್ಪ ಆರ್ಗಾನ್ ಬಿಟ್ಟು ಮೈಕ್ರೋವೇವ್ ಹಾಯಿಸಿದರೆ ಒಳಗೆ ನೇರಳೆ ಬೆಳಕು ಹುಟ್ಟುತ್ತಿತ್ತು. ಅದೇ ಪ್ಲಾಸ್ಮಾ. ಅದು ತಾಗಿದ ಬೀಜ ಚೆನ್ನಾಗಿ ಮೊಳೆಯುತ್ತದೆಯೇ ಎಂದು ನೋಡುತ್ತಿದ್ದರು. ಒಂದೇ ಸಮ ಹಾಯಿಸಿದರೆ ಬೀಜ ಸುಡುತ್ತದೆ, ಗಾಜು ಕಾಯುತ್ತದೆ. ಹಾಗಾಗಿ ನಾಡಿಯಂತೆ ಬಿಟ್ಟು ಬಿಟ್ಟು ಹೊಡೆಯಬೇಕು. ಪ್ರತಿ ಹೊಡೆತಕ್ಕೂ ಬೆಳಕು ಹುಟ್ಟಿ ಸಾಯುತ್ತದೆ. ಕಣ್ಣಿಗೆ ಮಾತ್ರ ಒಂದೇ ದೀಪ.

ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಒಳಗೇನಾಗುತ್ತಿದೆ ಎಂದು ತಿಳಿಸುವ ಯಂತ್ರವಿತ್ತು. ಅದರ ಲೆನ್ಸನ್ನು ಕೊಳವೆಗೆ ಹೊಂದಿಸುವವನು ಅಣ್ಣ. ಹೊಡೆತ ಏರಿಸಿ ಇಳಿಸುವವರು ಇಂಜಿನಿಯರ್. ಅವರು ಹೊರರಾಜ್ಯದವರು. ಅಣ್ಣನೇ ಅವರಿಗೆ ಕನ್ನಡ ಹೇಳಿಕೊಡುತ್ತಿದ್ದ.

"ಸಿಲಿಂಡರ್ ದೊಡ್ದು ಸಾ, ರಾಗಿ ಸಣ್ದು."

"ನಿಮ್ಮ ಹೊಟ್ಟೆ ದೊಡ್ದು," ಅಂದರು ಅವರು.

"ಕಲ್ತ್‌ಬುಟ್ರಿ ಕಣ್ ಸಾ."

ಆ ದಿನ ಲೆನ್ಸ್ ಹತ್ತಿರ ತರಲು ಅಣ್ಣ ಕೊಳವೆಯ ಮುಂದಿನ ದಪ್ಪ ಪ್ಲಾಸ್ಟಿಕ್ ತಡೆಯನ್ನು ಸರಿಸಿದ್ದ. ನಾನು ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ನೇರಳೆ ಬೆಳಕು ಗುಲಾಬಿಯಾಯಿತು. ಎಲ್ಲೋ ಗಾಳಿ ಒಳಸೋರಿತ್ತು. ಗಾಜು ಒಂದು ಕಡೆ ಕೆಂಪಗೆ ಕಾದಿತ್ತು.

"ಸಾ, ದೊಡ್ದು ಮಾಡಿ," ಅಂದ ಅಣ್ಣ.

ಇಂಜಿನಿಯರ್ ಗುಂಡಿ ತಿರುಗಿಸಿದರು. ಆರಿಸುತ್ತಿದ್ದಾರೆ ಅಂದುಕೊಂಡೆ. ಬೆಳಕು ಉರಿದೆದ್ದಿತು.

"ದೊಡ್ದು ಮಾಡಿ ಸಾ, ದೊಡ್ದು," ಎಂದು ಅಣ್ಣ ಅರಚಿದ. ಅವರು ಕೊನೆಯವರೆಗೂ ತಿರುಗಿಸಿದರು.

ಕೊಳವೆ ಸಿಡಿಯಿತು. ಗಾಜು ಅಣ್ಣನ ಕುತ್ತಿಗೆಗೆ ಹೊಕ್ಕಿತ್ತು. ಬಾಯಿ ಆಡುತ್ತಿತ್ತು, ಮಾತಿನ ಬದಲು ರಕ್ತ ಬರುತ್ತಿತ್ತು. ಅಂಗೈಯಿಂದ ಒತ್ತಿ ಹಿಡಿದೆ. ಬೆರಳುಗಳ ಸಂದಿಯಿಂದ ಬಿಸಿಯಾಗಿ ಚಿಮ್ಮಿತು. ಚೆಲ್ಲಿದ ರಾಗಿ ನೆತ್ತರಿಗೆ ಅಂಟಿ ಕಾಲಡಿ ಕರಕರ ಅಂದಿತು. ಆಸ್ಪತ್ರೆ ತಲುಪುವ ಮೊದಲೇ ಅವನು ಹೋಗಿದ್ದ.

ಆಸ್ಪತ್ರೆಯ ವರಾಂಡದಲ್ಲಿ ಇಂಜಿನಿಯರನ್ನು ಗೋಡೆಗೆ ಒತ್ತಿ ಹೊಡೆದೆ. ತುಟಿ ಒಡೆಯಿತು, ಹಲ್ಲು ಅಲುಗಿತು. ಅವರು ಕೈ ಎತ್ತಲಿಲ್ಲ.

"ದೊಡ್ದು ಅಂದ್ರು. ನಾನು ದೊಡ್ದು ಮಾಡಿದೆ," ಅಂದರು.

ಅರ್ಥವಾಯಿತು. ಅರ್ಥವಾದ ಮೇಲೂ ಇನ್ನೊಂದು ಹೊಡೆದೆ.

ಮಲ್ಲಿಪಟ್ಟಣದ ಹತ್ತಿರದ ನಮ್ಮೂರಿನಲ್ಲಿ ಅಣ್ಣನ ಮಣ್ಣಾಯಿತು. ಚನ್ನರಾಯಪಟ್ಟಣದಿಂದ ಬಂದ ಸೋದರಮಾವ ಜಗುಲಿಯಲ್ಲಿ ದೊಣ್ಣೆ ಇಟ್ಟುಕೊಂಡು ಕೂತಿದ್ದ. ಕಾರ್ಯ ಮುಗಿದ ಕೂಡಲೇ ಹಾಸನಕ್ಕೆ ಹೊರಡುವವನು.

"ಕೊಂದೋನ್ನ ಸುಮ್ಕೆ ಬುಡಾಕಾಯ್ತದೇನ್ಲಾ? ಕೈಕಾಲು ಮುರ್ದೇ ಬತ್ತೀನಿ."

ನಾನು ಬೇಡ ಅನ್ನಲಿಲ್ಲ. ಅವ್ವನಿಗೆ ಅಣ್ಣನ ಕೊನೆಯ ಮಾತನ್ನು ಹೇಳಿದ್ದೆ.

ಅಣ್ಣನನ್ನು ಮಲಗಿಸಿದ್ದ ಜಾಗದಲ್ಲಿ ಇಟ್ಟಿದ್ದ ದೀಪ ಕಾರ್ಯದ ದಿನ ಇನ್ನೂ ಉರಿಯುತ್ತಿತ್ತು. ಎಲ್ಲ ಮುಗಿದ ಮೇಲೆ ಮಾವ ಅಭ್ಯಾಸದಂತೆ, "ಅಕ್ಕ, ಇನ್ನು ದೀಪ ದೊಡ್ದು ಮಾಡು," ಅಂದ.

ಅವ್ವ ಎದ್ದು ಅವನ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಿದಳು.

"ಆರ್ಸು ಅನ್ನು."

ಅವನು ಕೆನ್ನೆ ಹಿಡಿದುಕೊಂಡ.

"ಈ ಮಾತ ಅವನ್ಗೆ ನಾನೇ ಕಲ್ಸಿದ್ದು ಕಣ್ಲಾ. ಮುರಿಯೋದಾದ್ರೆ ನನ್ ಕೈ ಮುರಿ."

ಮಾವ ತಲೆ ತಗ್ಗಿಸಿದ. ಅವ್ವ ಕುಕ್ಕರಗಾಲಲ್ಲಿ ಕೂತು ಉರಿಯುವ ಬತ್ತಿಯನ್ನು ಬರಿಬೆರಳಲ್ಲಿ ಹಿಸುಕಿದಳು. ಚರ್ಮ ಚುರ್ ಅಂದರೂ ಬಿಡಲಿಲ್ಲ.

"ಆರ್ಸ್ದೆ," ಅಂದಳು.