ಅವಳು ತೋರಿಸಿದ ಕಾಯಿ

ಅವತ್ತು ನಾನು ಒಡೆದ ಕಾಯಿಯ ಬಗ್ಗೆ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: ‘ಅವಳು ತೋರಿಸಿದ್ದನ್ನೇ ಒಡೆದೆ.’ ಅದನ್ನು ಬರೆದದ್ದು ಮರುದಿನ, ದುಬೈಗೆ ನನ್ನ ಹೆಸರು ಖಾತ್ರಿಯಾದ ಮೇಲೆ. ಹಾಗಾಗಿ ಆ ಸಾಲನ್ನು ನಂಬಲು ನನಗೇ ಧೈರ್ಯವಿಲ್ಲ.

ತಿಪಟೂರಿನಲ್ಲಿ ನಮ್ಮ ಎಂ.ಬಿ.ಎ. ಕೊನೆಯ ವರ್ಷ. ಕಾಲೇಜಿನಲ್ಲಿ ವಿದ್ಯಾರ್ಥಿಗಳ ಬಿಸಿನೆಸ್ ಐಡಿಯಾ ಸ್ಪರ್ಧೆ ಇಟ್ಟಿದ್ದರು. ತೀರ್ಪುಗಾರರಲ್ಲಿ ಒಬ್ಬರು ದುಬೈಗೆ ಕೊಬ್ಬರಿ ತರಿಸಿಕೊಳ್ಳುವ ಕಂಪನಿಯವರು. ಗೆದ್ದ ತಂಡದಲ್ಲಿ ಒಬ್ಬರಿಗೆ ಮಾತ್ರ ಅಲ್ಲಿ ಮೂರು ತಿಂಗಳ ತರಬೇತಿ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ ದಿನದಿಂದ ನಾವಿಬ್ಬರೂ ಬೆಂಚಿನ ಎರಡು ತುದಿಗೆ ಸರಿದೆವು.

ಇಬ್ಬರು ಎಂದರೆ ಪೇಟೆಯ ಅಂಗಡಿ ಮನೆಯವಳಾದ ನಾನು ಮತ್ತು ದಂಡಿನಶಿವರದ ಕಡೆಯ ತೋಟದ ಮನೆಯ ಹುಡುಗಿ. ಐಡಿಯಾ ಅವಳದು. ನಮ್ಮ ಸೀಮೆಯಲ್ಲಿ ಕಾಯಿಯನ್ನು ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಇಂಗಿದ ಮೇಲೆ ಉಂಡೆ ಕೊಬ್ಬರಿ ತೆಗೆಯುತ್ತಾರೆ. ಒಳಗೆ ಕೊಳೆತಿದೆಯೇ ಎಂಬುದು ಉಂಡೆಯನ್ನು ಸೀಳದೆ ಕಾಣದು. ಸೀಳಿದರೆ ಅದು ಉಂಡೆಯಲ್ಲ, ಹೋಳು; ಉಂಡೆಯ ಬೆಲೆ ಸಿಗದು. ಅವಳು ಮಾತ್ರ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಹೇಳಿಬಿಡುತ್ತಿದ್ದಳು. ಆ ಸದ್ದನ್ನು ಫೋನಿನಲ್ಲಿ ಹಿಡಿದು ಹೊರದೇಶದ ವ್ಯಾಪಾರಿಗಳಿಗೆ ಖಾತ್ರಿ ಕೊಡುವುದು ನಮ್ಮ ಯೋಜನೆ. ಇಂಗ್ಲಿಷಿನಲ್ಲಿ ವಿವರಿಸುವ ಕೆಲಸ ನನ್ನದು.

ಅಭ್ಯಾಸ ಮಾಡುವಾಗ ಒಮ್ಮೆ ಅವಳು ಕೇಳಿದಳು: “ಕೊಬ್ಬರಿ ಮಂಡಿ ಪಕ್ಕದಲ್ಲೇ ಹುಟ್ಟಿದೀಯ, ಒಂದ್ ಕಾಯಿ ಅಲ್ಲಾಡ್ಸೋಕೆ ಬರಲ್ವಲ್ಲೇ! ದುಬೈಗೆ ಹೋಗಿ ಏನ್ ಅಲ್ಲಾಡಿಸ್ತೀಯ, ತಲೆನಾ?”

“ನೀನ್ ಹೋಗಿ ಯಾರ್ ಜೊತೆ ಮಾತಾಡ್ತೀಯ? ಕಾಯಿ ಜೊತೆನಾ?” ಅಂದೆ.

ತಮಾಷೆಗೆ ಆಡಿದ ಮಾತು ಎಂದು ಬಹಳ ದಿನ ಅಂದುಕೊಂಡಿದ್ದೆ. ಆದರೆ ಇಬ್ಬರಲ್ಲಿ ಒಬ್ಬರಾದರೂ ನಕ್ಕದ್ದು ನನಗೆ ನೆನಪಿಲ್ಲ.

ಸ್ಪರ್ಧೆಯ ದಿನ ಮೇಜಿನ ಮೇಲೆ ಸಿಪ್ಪೆ ಸುಲಿದ ಐದು ಕಾಯಿ ಸಾಲಾಗಿಟ್ಟಿದ್ದೆವು. ಅವಳು ಸಭೆಗೆ ಮುಖ ಮಾಡಿ ನಿಂತಿದ್ದಳು. ನಾನು ಮೇಜಿನ ಈಚೆ, ಅವಳಿಗೆ ಎದುರಾಗಿ. ಒಂದೊಂದನ್ನೇ ಅಲ್ಲಾಡಿಸಿ, “ಎಡಗಡೆಯಿಂದ ಎರಡನೇದು ಕೊಳೆತದೆ. ಮಿಕ್ಕಿದ್ದೆಲ್ಲ ಗಟ್ಟಿ” ಎಂದಳು. ದುಬೈ ಕಂಪನಿಯವರು ಒಡೆದು ತೋರಿಸಲು ಹೇಳಿದರು.

ಮಚ್ಚು ನನ್ನ ಕೈಗೆ ಹತ್ತಿರವಿತ್ತು. ನನ್ನ ಎಡದಿಂದ ಎರಡನೆಯದಕ್ಕೆ ಹೊಡೆದೆ. ಚಿಪ್ಪಿನ ಜೊತೆ ಉಂಡೆಯೂ ಸೀಳಿತು. ಒಳಗೆಲ್ಲ ಬಿಳಿ, ಒಂದೂ ಕಲೆಯಿಲ್ಲ.

“ಕಿವಿ ತೊಳ್ಕೊಂಡ್ ಬಾರವ್ವಾ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು.

“ಅದಲ್ಲ ಕಣೇ, ಈ ಕಡೇದು!” ಎಂದು ಅವಳು ಕಿರುಚುವಷ್ಟರಲ್ಲಿ ನಮ್ಮ ಸಮಯ ಮುಗಿದ ಗಂಟೆ ಹೊಡೆಯಿತು. ಮುಂದಿನ ತಂಡದವರು ಉಳಿದ ಕಾಯಿಗಳನ್ನು ಬುಟ್ಟಿಗೆ ಸುರಿದು ಮೇಜು ಖಾಲಿ ಮಾಡಿದರು.

ಅಭ್ಯಾಸದಲ್ಲಿ ಅವಳು ಯಾವಾಗಲೂ ತನ್ನ ಎಡದಿಂದಲೇ, ಅಂದರೆ ಎದುರಿಗಿದ್ದ ನನ್ನ ಬಲದಿಂದ, ಎಣಿಸುತ್ತಿದ್ದಳು. ಅದು ನನಗೆ ಗೊತ್ತಿತ್ತು. ಮಚ್ಚು ಎತ್ತಿದ ಗಳಿಗೆಯಲ್ಲಿ ನೆನಪಿತ್ತೇ? ಕೆಲವು ದಿನ ಇರಲಿಲ್ಲ ಅನ್ನಿಸುತ್ತದೆ. ಕೆಲವು ದಿನ ಹಾಗೆ ಅನ್ನಿಸುವುದಿಲ್ಲ.

ಆದರೂ ಯೋಜನೆ ಹಿಡಿಸಿತೆಂದು ನಮ್ಮ ತಂಡವನ್ನೇ ಗೆಲ್ಲಿಸಿದರು. ಮರುದಿನ ದುಬೈಗೆ ಯಾರು ಎಂದು ತೀರ್ಮಾನಿಸಲು ಮೇಷ್ಟ್ರು ಇಬ್ಬರನ್ನೂ ಕರೆದರು.

“ಸಾರ್, ಹತ್ತು ಕಾಯಿ ತರ್ಸಿ. ಆ ದುಬೈ ಕಂಪನಿಯೋರ ಮುಂದೇನೇ ಒಡೀತೀನಿ. ಒಂದು ತಪ್ಪಿದ್ರೂ ನನ್ ಹೆಸರು ಬುಟ್ಬುಡಿ” ಎಂದಳು ಅವಳು.

ಮೇಷ್ಟ್ರು ನನ್ನ ಕಡೆ ನೋಡಿದರು. “ಅವರು ಸಂಜೆವರೆಗೂ ಊರಲ್ಲೇ ಇರ್ತಾರೆ. ಏನಮ್ಮಾ, ನೀನು ಹೂಂ ಅಂದ್ರೆ ಫೋನ್ ಮಾಡ್ತೀನಿ.”

“ತೀರ್ಪು ಆಗೋಯ್ತಲ್ಲ ಸಾರ್” ಅಂದೆ.

ಸಭೆಯಲ್ಲಿ ತಪ್ಪಿದ್ದು ಅವಳೇ ಎಂಬ ಲೆಕ್ಕದಲ್ಲಿ ಮೇಷ್ಟ್ರು ನನ್ನ ಹೆಸರು ಬರೆದರು. ಅವಳು ಹೊರಗೆ ನಡೆದಳು. ನಾನೂ ಹಿಂದೆ ಹೋದೆ. ಯಾಕೆ ಹೋದೆನೋ ತಿಳಿಯದು.

“ಕಾಯಿ ಗೊತ್ತಾಗ್ದೆ ಒಡೆದೆ ಅಂತಾನೇ ಇಟ್ಕೊಳ್ಳಾನ” ಎಂದು ಅವಳು ಕಾರಿಡಾರಿನಲ್ಲಿ ತಿರುಗಿ ನಿಂತಳು. “ಇವಾಗ ಅಂದಿದ್ದೂ ಗೊತ್ತಾಗ್ದೇನಾ?”

“ನಿಂಗೆ ಬಸ್ಸಿಗೆ ಹೊತ್ತಾಗುತ್ತೆ” ಎಂದೆ.

“ನನ್ ಬಸ್ಸಿನ ಉಸಾಬರಿ ನಿಂಗ್ಯಾಕೇ? ಹೋಗು, ನಿನ್ ಇಮಾನ ನೋಡ್ಕೋ.”

ಒಳಗಿನಿಂದ ಮೇಷ್ಟ್ರು ಪಾಸ್‌ಪೋರ್ಟಿನ ಜೆರಾಕ್ಸ್ ನಾಳೆ ತಂದುಕೊಡು ಎಂದು ಕೂಗಿ ಹೇಳಿದರು. ನಾಳೆಯವರೆಗೆ ಕಾಯಬೇಕಿರಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಎರಡು ಪ್ರತಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.