ಹಸಿರು ಜೆರ್ಸಿ ಮತ್ತು ಒಂದು ಲಕೋಟೆ

ಇವತ್ತು ಪ್ಯಾರಮಟ್ಟಾದ ಹಳೆಬಟ್ಟೆ ಅಂಗಡಿಯಲ್ಲಿ ಬಣ್ಣ ಮಾಸಿದ ಹಸಿರು ಫುಟ್‌ಬಾಲ್ ಜೆರ್ಸಿಯೊಂದನ್ನು ಕಂಡೆ. ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯ ಮೆಕ್ಸಿಕೋ ಅಂಕಲ್ ಇಂಥದ್ದನ್ನೇ ತೊಟ್ಟು, ಬೇಲಿಗೆ ಒರಗಿ ಅಪ್ಪನಿಗೆ ತಮ್ಮೂರ ಕ್ಲಬ್ಬಿನ ಕಥೆ ಹೇಳಿದ್ದರು. ಅಪ್ಪ ಆ ಕಥೆಯನ್ನು ಒಳಗೆ ಬಂದು ಅಮ್ಮನಿಗೆ ಹೇಳಿದರು: "ಐವತ್ತು ವರ್ಷದ ಟೀಮ್ ಕಣೇ. ಓನರ್ ಒಂದು ಸೈನ್ ಹಾಕಿದ, ಟೀಮೇ ಬೇರೆ ಊರಿಗೆ ಹೋಯ್ತಂತೆ. ಹೆಸರೂ ಉಳೀಲಿಲ್ಲ."

ಊರಿನವರನ್ನು ಯಾರೂ ಕೇಳಲಿಲ್ಲ. ಆ ಅನ್ಯಾಯಕ್ಕೆ ಈಗ ಮೈ ಉರಿಯುತ್ತದೆ. ಆಗ ಬರೀ ಹೆದರಿದ್ದೆ. ಈ ದೇಶದಲ್ಲಿ ಕಾಯಂ ಆಗಿ ನೆಲೆಸಲು ಬೇಕಾದ ನಮ್ಮ ಪಿಆರ್ ಕೂಡ ಯಾರದೋ ಸೈನ್‌ಗೆ ಕಾದಿತ್ತು. ನಮ್ಮನ್ನೂ ಹಾಗೇ ಇಲ್ಲಿಂದ ಕಳಿಸಿಬಿಡುತ್ತಾರೆಂದು, ಸರ್ಕಾರದ ಲಕೋಟೆ ಬಂದಾಗ ಹಾಸಿಗೆಯಡಿ ಬಚ್ಚಿಟ್ಟೆ. ನಾಲ್ಕನೇ ದಿನ ಅಮ್ಮನಿಗೆ ಸಿಕ್ಕಿತು.

"ಅಯ್ಯೋ ಪೆದ್ದಿ, ಪಿಆರ್ ಬಂದಿದೆಯಲ್ಲೇ!"

ಈಗ ನಾನು ಇಲ್ಲಿಯ ಸಿಟಿಜನ್. ಆದರೂ ಸರ್ಕಾರದ ಲಕೋಟೆಗಳನ್ನು ಗಂಡನ ಕೈಯಲ್ಲೇ ಒಡೆಸುತ್ತೇನೆ.