ಉದಯದ ಕೋಣೆ, ಅಸ್ತದ ಕೋಣೆ

ವಾತಾವರಣದ ಮಧ್ಯ ಮತ್ತು ಮೇಲಿನ ಪದರಗಳ ಓಜೋನನ್ನು ಉಪಗ್ರಹದಿಂದ ಅಳೆಯುವ ನಮ್ಮಂಥವರಿಗೆ, ಅಳತೆಯನ್ನು ನಂಬುವ ಮೊದಲು ಅದಕ್ಕೆ ಅಂಜಬೇಕೆಂದು ಕಲಿಸಿದವರು ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಬೆನ್ನ ಹಿಂದೆ ನಾವು ಅವರನ್ನು ‘ಬಾಗಿಲಮ್ಮ’ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ಭೂಮಿಯನ್ನು ಸುತ್ತುವ ಉಪಗ್ರಹಕ್ಕೆ ಪ್ರತಿ ಸುತ್ತಿನಲ್ಲೂ ಸೂರ್ಯ ಒಮ್ಮೆ ಮುಳುಗಿ ಒಮ್ಮೆ ಹುಟ್ಟುತ್ತಾನೆ. ಆಗ ಗಾಳಿಯ ಪದರಗಳನ್ನು ಹಾದುಬರುವ ಬೆಳಕು ಎಷ್ಟು ಕುಂದಿತೆಂಬುದರಿಂದ ಯಾವ ಎತ್ತರದಲ್ಲಿ ಎಷ್ಟು ಓಜೋನ್ ಇದೆಯೆಂದು ತಿಳಿಯುತ್ತದೆ. ಮೇಡಂ ಉದಯದ ಅಂಕಿಗಳನ್ನು ಒಂದು ಕೋಣೆಗೂ ಅಸ್ತದ ಅಂಕಿಗಳನ್ನು ಇನ್ನೊಂದಕ್ಕೂ ಕೊಟ್ಟು, ಲೆಕ್ಕ ಮುಗಿಯುವವರೆಗೆ ನಡುವಿನ ಬಾಗಿಲು ಮುಚ್ಚಿಸುತ್ತಿದ್ದರು. ಒಬ್ಬರ ಊಹೆ ಇನ್ನೊಬ್ಬರಿಗೆ ಅಂಟಬಾರದಲ್ಲ! ಚಹಾದ ಹೊತ್ತಿನಲ್ಲೂ ಅಸ್ತದ ಕೋಣೆಯ ನಾನು ಮತ್ತು ಉದಯದ ಕೋಣೆಯ ಗೆಳತಿ ಬೇರೆ ಬೇರೆ ಮೇಜು ಹಿಡಿಯುತ್ತಿದ್ದೆವು. “ಏನ್ರಪ್ಪಾ, ಇಬ್ರೂ ಮಾತು ಬಿಟ್ಟಿದೀರಾ? ಆಸ್ತಿ ಪಾಲಾಯ್ತಾ?” ಎಂದು ಕ್ಯಾಂಟೀನಿನವನು ಕಾಲೆಳೆಯುತ್ತಿದ್ದ.

ಇಷ್ಟು ಕಟ್ಟುನಿಟ್ಟಿನ ಮೇಡಂ, ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ಊಟದ ಡಬ್ಬಿ ಹಿಡಿದು ಬಂದು, ಲೆಕ್ಕದ ಸುದ್ದಿಯನ್ನೇ ಎತ್ತದೆ ಸಂಜೆಯವರೆಗೂ ಪಕ್ಕದಲ್ಲಿ ಕುಳಿತಿದ್ದರು.

ಮುಂದೊಂದು ವರ್ಷ, ನನ್ನ ಅಸ್ತದ ಲೆಕ್ಕದಲ್ಲಿ ಮೇಲಿನ ಪದರದ ಓಜೋನ್ ಇದ್ದಕ್ಕಿದ್ದಂತೆ ಕುಸಿದಿತ್ತು. ಮೇಡಂ ಅವರನ್ನು ನನ್ನ ಕೋಣೆಗೆ ಕರೆದೆ. ಸೂರ್ಯನ ಬೆಳಕನ್ನು ಹಿಡಿಯುವ ಉಪಕರಣದ ಕನ್ನಡಿ, ಹಗಲಿನ ಬಿಸಿಲಿಗೆ ಕಾದಾಗ ತಪ್ಪು ತೋರುವಷ್ಟು ಕೆಟ್ಟಿದ್ದರೆ ಕುಸಿತ ಅಸ್ತದಲ್ಲಿ ಮಾತ್ರ ಕಾಣಬೇಕು; ಉದಯದ ಹೊತ್ತಿಗೆ ಅದು ಇರುಳಿನ ನೆರಳಲ್ಲಿ ತಣಿದಿರುತ್ತದೆ. ಉದಯದಲ್ಲೂ ಕಂಡರೆ, ಕೆಟ್ಟಿರುವುದು ಆಕಾಶವೇ. ಆ ಕನ್ನಡಿಯನ್ನು ರೂಪಿಸಲು ಮೇಡಂ ತಮ್ಮ ಅರ್ಧ ಆಯುಸ್ಸು ಸವೆಸಿದ್ದರು. ಅದು ಕೆಟ್ಟಿದ್ದರೆ ಉಪಕರಣವನ್ನೇ ನಿಲ್ಲಿಸಬೇಕಿತ್ತು. ಆದರೂ ಅಂಕಿಗಳನ್ನು ನೋಡಿದೊಡನೆ ಮೇಡಂ ಪಿಸುಗುಟ್ಟಿದರು: “ದೇವರೇ, ನನ್ನ ಕನ್ನಡೀನೇ ಕೆಟ್ಟಿರ್ಲಿ.”

ನಡುವಿನ ಬಾಗಿಲು ತಟ್ಟುವ ಧೈರ್ಯ ನನಗೂ ಮೇಡಂಗೂ ಇರಲಿಲ್ಲ. ಕೊನೆಗೆ ಅದು ಆ ಕಡೆಯಿಂದಲೇ ತೆರೆಯಿತು. ಗೆಳತಿ ಒಳಗೆ ಬರದೆ ಹೊಸ್ತಿಲಲ್ಲೇ ನಿಂತಳು.

“ಮೇಡಂ, ನನ್ನದು ಕುಸಿದಿದೆ. ಇಲ್ಲೂ ಕುಸಿದಿದ್ರೆ, ಯಾವ ಎತ್ತರ ಅಂತ ನೀವೇ ಮೊದ್ಲು ಹೇಳಿ.”

ಮೇಡಂ ಹೇಳಿದರು. ತನ್ನದೂ ಅದೇ ಎತ್ತರವೆಂದು ಅವಳು ತಲೆಯಾಡಿಸಿದಳು.

“ಹಾಗಾದ್ರೆ ಕನ್ನಡಿ ಚೆನ್ನಾಗಿದೆ,” ಎಂದು ಮೇಡಂ ಕುರ್ಚಿಗೆ ಕುಸಿದರು. ತಮ್ಮ ಜೀವಮಾನದ ಕೆಲಸ ಗೆದ್ದ ಗಳಿಗೆಯಲ್ಲಿ ಅಷ್ಟು ಬಿಳಿಚಿಕೊಂಡ ಮುಖವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಆ ಕನ್ನಡಿ ಇನ್ನೂ ಮೇಲಿದೆ. ಬಾಗಿಲನ್ನು ಈಗ ನಾವೇ ಮುಚ್ಚಿಕೊಳ್ಳುತ್ತೇವೆ. ಉದಯದ ಕೋಣೆಯಲ್ಲಿ ಮೇಡಂಗೆ ಕುರ್ಚಿ ಕಾದಿರುತ್ತದೆ. ಎರಡೂ ಕೋಣೆಗಳಿಂದ ‘ಓಜೋನ್ ಏರಿದೆ’ ಎಂಬ ಮಾತು ಒಟ್ಟಿಗೆ ಕೇಳಿಬರುವ ದಿನದವರೆಗೆ ಅವರು ಆರೋಗ್ಯವಾಗಿ ಬಾಳಲಿ. ಓಜೋನ್ ಎಷ್ಟು ನಿಧಾನವಾಗಿ ಮರಳುತ್ತಿದೆಯೆಂದು ಈಚಿನ ಅಂಕಿಗಳಲ್ಲಿ ಕಂಡವರಿಗೆ, ನಾನು ಕೋರುತ್ತಿರುವ ಆಯುಸ್ಸು ಎಷ್ಟು ದೀರ್ಘವೆಂಬುದು ತಿಳಿದೀತು.